ಹುಕ್ಕೇರಿಯ ಹಲಗೆ ನೆಲ

ಮದಿನಾಬಿ ಪ್ಲಾಸ್ಟಿಕ್ ಚೀಲದ ಗಂಟನ್ನು ಹಲ್ಲಿನಿಂದ ಎಳೆದು ಬಿಚ್ಚಿದಳು. ಆಸ್ಪತ್ರೆಯವರು ಕೊಟ್ಟ ಚೀಲ. ಒಳಗೆ ಗಂಡನ ಅಂಗಿ, ಪಾಯಿಜಾಮ, ಟೋಪಿ, ಒಂದೇ ಒಂದು ಚಪ್ಪಲಿ. ಅಂಗಿಯ ಕೊರಳಪಟ್ಟಿಯಲ್ಲಿ ರಕ್ತ ಒಣಗಿ ಕಂದಾಗಿತ್ತು. ಅದನ್ನು ಮಡಚಿ ಮರೆಮಾಡಿ, ಜೇಬಿಗೆ ಕೈ ಹಾಕಿದಳು.

"ಅಮ್ಮಾ, ಈಗ್ಯಾಕ ಅದು? ಆಮ್ಯಾಲ ನೋಡೂಣು ಬಿಡ," ಎಂದಳು ಮಗಳು ಸಾಹಿರಾ. ಅಂಕಲಗಿಯಿಂದ ನಿನ್ನೆ ಸಂಜೆ ಗಂಡನ ಬೈಕಿನಲ್ಲಿ ಬಂದವಳ ದನಿ ಅತ್ತು ಅತ್ತು ಬಿದ್ದುಹೋಗಿತ್ತು.

ಮದಿನಾಬಿ ಕೇಳಿಸಿಕೊಳ್ಳಲಿಲ್ಲ. ಜೇಬಿನಲ್ಲಿ ಒಂದು ಬಾಚಣಿಗೆ, ಬಸ್ಸಿನ ಟಿಕೆಟ್ಟು. ಟಿಕೆಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಳಿಗೆ ಓದು ಅಷ್ಟಕ್ಕಷ್ಟೆ. ಮಗಳ ಮುಂದೆ ಚಾಚಿದಳು.

"ಎಲ್ಲಿದು?"

ಸಾಹಿರಾ ಓದಿ ತಲೆ ತಗ್ಗಿಸಿದಳು. "ಗೋಕಾಕದಿಂದ ಹುಕ್ಕೇರಿಗೆ."

"ಮೂಡಲಗಿಗೆ ಹೊಂಟೇನಿ ಅಂತ ಹೇಳಿ ಹೋದ್ರು ನಿಮ್ಮಪ್ಪ. ಒಂದು ಬಾಗಲದ ಕೆಲಸ ಐತಿ, ನೋಡಿ ಬರತೇನಿ ಅಂದ್ರು."

ನಿನ್ನೆ ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮಹಮ್ಮದಗೌಸ ಬಡಿಗ ಹುಕ್ಕೇರಿಯ ರಸ್ತೆ ಬದಿಯ ಗುಂಡಿಯೊಂದಕ್ಕೆ ಬಿದ್ದು ಸತ್ತಿದ್ದ. ಪೈಪು ಹಾಕಲು ತೋಡಿದ ಗುಂಡಿ. ಅಂಚಿನಲ್ಲಿ ಕಲ್ಲು ನಿಲ್ಲಿಸಿ ಕೆಂಪು ಬಟ್ಟೆ ಕಟ್ಟಿದ್ದರು. ಶಾಲೆಗೆ ಹೋಗುವ ಮಕ್ಕಳು ಕೂಡ ಅದನ್ನು ಬಳಸಿಕೊಂಡು ಓಡಾಡುತ್ತಿದ್ದರು. ಅರವತ್ತೆರಡು ವರ್ಷದ, ಕೈಕಾಲು ಗಟ್ಟಿಯಿದ್ದ ಗಂಡಸು ಉರಿಬಿಸಿಲಿನಲ್ಲಿ ನೆಟ್ಟಗೆ ನಡೆದು ಹೋಗಿ ಅದರೊಳಗೆ ಬಿದ್ದಿದ್ದ. ತಲೆಗೆ ಕಲ್ಲು ಬಡಿದಿತ್ತು.

ಮೂಡಲಗಿಯಿಂದ ಬಂದಿದ್ದ ಮದಿನಾಬಿಯ ತಮ್ಮ ಫಯಾಜ ಪರದೆ ಸರಿಸಿ ಒಳಗೆ ಬಂದ. ಕೈಯಲ್ಲಿ ಭಾವನ ಗುಂಡಿ ಒತ್ತುವ ಹಳೇ ಫೋನಿತ್ತು.

"ಆಪಾ, ಇದರಾಗ ಒಂದ ನಂಬರಿಗೆ ಬಾಳ ಸಲ ಹಚ್ಚ್ಯಾರ. ಹೆಸರ ಹಾಕಿಲ್ಲ. ಎರಡನೇ ಗುಂಡಿ ಒತ್ತಿ ಹಿಡದ್ರ ಸೀದಾ ಅಲ್ಲಿಗೇ ಹೋಗತೈತಿ."

"ಯಾರ ಎತ್ತಿದ್ರು?"

"ಹೆಣ್ಣಮಗಳು. 'ನಿನ್ನೆ ಯಾಕ ಬರಲಿಲ್ರಿ ಮಿಸ್ತ್ರಿ? ಹಾದಿ ನೋಡಿ ಸಾಕಾತು' ಅಂದ್ಲು. ನಾ ಸುದ್ದಿ ಹೇಳಿದೆ. ಅಳಾಕ ಹತ್ತಿದ್ಲು. ಮಣ್ಣ ಯಾವಾಗ ಅಂತ ಕೇಳಿದ್ಲು."

"ಏನ ಹೇಳಿದಿ?"

"ಮಧ್ಯಾಹ್ನದ ನಮಾಜ ಆದ ಕೂಡ್ಲೆ ಅಂದೆ. ಮತ್ತೇನ ಹೇಳಲಿ?" ಅವನು ದನಿ ತಗ್ಗಿಸಿದ. "ಹೊರಗ ಮಂದಿ ಏನೇನೋ ಮಾತಾಡಾಕತ್ತಾರ ಆಪಾ. ಕುಡದಿದ್ರೇನೋ ಅಂತ. ಪೊಲೀಸರು ವಾಸನಿ ಇರಲಿಲ್ಲ ಅಂದಾರ. ಆದ್ರ ಮಂದಿ ಬಾಯಿ ಯಾರ ಮುಚ್ಚತಾರ?"

ಮದಿನಾಬಿ ಟಿಕೆಟನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದಳು. ಹುಕ್ಕೇರಿಯ ಹೆಣ್ಣುಮಗಳು ಯಾರೆಂದು ಅವಳು ಕೇಳಬೇಕಾಗಿರಲಿಲ್ಲ.

*

ಹೋದ ವರ್ಷ ಬೇಸಿಗೆಯ ಒಂದು ಮುಂಜಾನೆ ಇದೇ ಮನೆಯ ಮುಂದೆ ಬಿಳಿ ಕಾರೊಂದು ಬಂದು ನಿಂತಿತ್ತು. ಹುಕ್ಕೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಜಿನದತ್ತ ಮೊದಲು ಇಳಿದು, ತಾಯಿ ಜಿನ್ನವ್ವಳನ್ನು ತೋಳು ಹಿಡಿದು ಇಳಿಸಿದ. ಐವತ್ತೈದರ ಆಸುಪಾಸಿನ ಹೆಂಗಸು, ಗಂಡ ಹೋಗಿ ಏಳೆಂಟು ವರ್ಷವಾಗಿತ್ತು. ಹೊಸ ಮನೆ ಕಟ್ಟಿಸಿ ನೆಲಕ್ಕೆಲ್ಲ ಕನ್ನಡಿಯಂಥ ಟೈಲ್ಸ್ ಹಾಕಿಸಿದ್ದರು. ವಾಸ್ತುಶಾಂತಿಯಾದ ತಿಂಗಳಿಗೇ ಆಕೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಒಳಗೆ ರಾಡು ಹಾಕಿದ್ದರು.

"ಆ ನೆಲ ನೋಡಿದ್ರ ನನ್ನ ಕಾಲ ನಡಗತಾವ್ರಿ ಮಿಸ್ತ್ರಿ," ಎಂದಳು ಜಿನ್ನವ್ವ, ಅಂಗಳದ ಕುರ್ಚಿಯಲ್ಲಿ ಕೂತು. "ನಾ ಮಲಗೂ ಖೋಲಿಗಿ ಕಟಗಿ ನೆಲ ಹಾಕಿಕೊಡ್ರಿ."

"ಬೆಳಗಾವ್ಯಾಗ ರೆಡಿಮೇಡ ಸಿಗತಾವ ಅವ್ವಾ," ಎಂದ ಜಿನದತ್ತ. "ಮ್ಯಾಲ ಥೇಟ ಕಟಗಿದ ಚಿತ್ರ ಇರತೈತಿ. ಎರಡ ದಿನದಾಗ ಹಾಕಿ ಹೋಗತಾರ."

"ಚಿತ್ರದ ಮ್ಯಾಲ ನಾ ಯಾಕ ನಡೀಲಿ?"

ಮಹಮ್ಮದಗೌಸ ಗಟ್ಟಿಯಾಗಿ ನಕ್ಕ. ಪರದೆಯ ಹಿಂದೆ ನಿಂತಿದ್ದ ಮದಿನಾಬಿಗೆ ಆ ನಗು ಹೊಸದೆನಿಸಿತು. ಎಷ್ಟೋ ತಿಂಗಳಿಂದ ಅವನು ಮನೆಯಲ್ಲಿ ಹಾಗೆ ನಕ್ಕಿರಲಿಲ್ಲ.

ಅವನು ಒಳಗಿನಿಂದ ನಾಲ್ಕು ಹಲಗೆ ತಂದು ನೆಲದ ಮೇಲೆ ಸಾಲಾಗಿ ಹಾಸಿದ.

"ಚಪ್ಪಲಿ ಬಿಡ್ರಿ ಬಾಯಾರ. ಕಣ್ಣ ಮುಚ್ಚಿಕೊಂಡು ಒಂದೊಂದರ ಮ್ಯಾಲ ನಿಂತ ಹೇಳ್ರಿ. ನೆಲ ಆರಿಸಾಕ ಕಾಲ ಬೇಕು. ಕಣ್ಣ ಬರೇ ಬಣ್ಣ ನೋಡತೈತಿ."

ಜಿನ್ನವ್ವ ಮಗನ ಭುಜ ಹಿಡಿದು ಮೊದಲ ಹಲಗೆಯ ಮೇಲೆ ನಿಂತಳು. "ಒರಟ ಐತ್ರಿ."

"ಬೇವು. ಹುಳ ಹತ್ತೂದಿಲ್ಲ. ಖರೆ, ಎರಡ ವರ್ಷಕ್ಕ ಸೊಟ್ಟ ಆಗತೈತಿ."

"ಇದು ಕಲ್ಲಿನಂಗ ಐತಿ."

"ಜಾಲಿ. ಬಂಡಿ ಮಾಡಾಕ ಚಲೋ."

"ಇದ ಅಡ್ಡಿ ಇಲ್ಲ."

"ಮತ್ತಿ. ಬಾಳ ಗಟ್ಟಿ. ಆದ್ರ ಮಳಿಗಾಲದಾಗ ನೀರ ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಸೀಳತೈತಿ."

ನಾಲ್ಕನೆಯದರ ಮೇಲೆ ಜಿನ್ನವ್ವ ಬಹಳ ಹೊತ್ತು ನಿಂತಳು. ಮಗನ ಭುಜದಿಂದ ತಾನಾಗಿಯೇ ಕೈ ತೆಗೆದಳು.

"ಇದು ಬೆಚ್ಚಗೈತ್ರಿ. ಕಾಲ ಹಿಡಕೊಂಡಂಗ ಆಗತೈತಿ."

"ಸಾಗವಾನಿ. ಅದರ ಒಳಗ ಎಣ್ಣಿ ಇರತೈತ್ರಿ. ಮಳಿ ಇರಲಿ, ಬಿಸಲ ಇರಲಿ, ಮೈ ಬಿಡೂದಿಲ್ಲ."

ಹೀಗೆ ಹೇಳುತ್ತ ಅವನು ಕುಕ್ಕರುಗಾಲಲ್ಲಿ ಕೂತು, ಆ ಹಲಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಂಗೈಯಿಂದ ನಿಧಾನವಾಗಿ ಸವರಿದ. ಅವನ ಕೈ ಆಕೆಯ ಹೆಬ್ಬೆರಳಿನ ಪಕ್ಕದಲ್ಲೇ ಹಾದುಹೋಯಿತು. ಮೂವತ್ತೆಂಟು ವರ್ಷ ಮದಿನಾಬಿ ಈ ಮನೆಯ ಶಾಬಾದಿ ಕಲ್ಲಿನ ಮೇಲೆ ನಡೆದಿದ್ದಳು. ನಿನ್ನ ಕಾಲಿಗೆ ಯಾವುದು ಹಿತ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ.

ಅವರು ಹೋದ ಮೇಲೆ ಹಲಗೆ ಎತ್ತಿಕೊಂಡು ಬರುವಾಗ, ಎದುರಿಗೇ ಇದ್ದ ನೀರಿನ ಕೊಡವನ್ನು ಅವನು ಎಡವಿ ಕೆಡವಿದ.

"ಮನಸ ಎಲ್ಲಿ ಇಟ್ಟೀರಿ?" ಎಂದು ಮದಿನಾಬಿ ಕೇಳಿದ್ದಳು. ಅವನು ಚೆಲ್ಲಿದ ನೀರನ್ನೇ ನೋಡುತ್ತ ನಿಂತಿದ್ದ.

*

ಹನ್ನೊಂದಕ್ಕೆ ಶವಕ್ಕೆ ಸ್ನಾನ ಮಾಡಿಸಿ, ಬಿಳಿಯ ಕಫನ ಹೊದಿಸಿ, ಪಡಸಾಲೆಯಲ್ಲಿ ಮಲಗಿಸಿದರು. ಹೆಂಗಸರು ಒಳಕೋಣೆಯಲ್ಲಿ, ಗಂಡಸರು ಹೊರಗೆ ಪೆಂಡಾಲಿನ ಕೆಳಗೆ. ಕಿಟಕಿ ತೆರೆದಿದ್ದರಿಂದ ಹೊರಗಿನ ಮಾತೆಲ್ಲ ಒಳಗೆ ಬರುತ್ತಿತ್ತು.

"ಇತ್ತಿತ್ಲಾಗ ಬಾಳ ಸೊಕ್ಕ ಬಂದಿತ್ತು ಬಿಡ್ರಿ," ಎಂದಿತು ಒಂದು ದನಿ. "ರಮಜಾನದಾಗ ಓಣ್ಯಾಗ ಸಿಕ್ಕ, ಬಾಜೂಕಿಂದ ಕೈ ಎತ್ತಿ ಸಲಾಂ ಮಾಡಿದೆ. ಗ್ವಾಡಿ ಬಾಜೂ ಹಾದಂಗ ಹಾದ ಹ್ವಾದ."

"ನನ್ನ ಮಗಳ ಮದವಿಗಿ ಬಂದಾಗ ನಾ ಕೈ ಚಾಚಿದೆ," ಎಂದ ಫಯಾಜ. ಅವನ ದನಿ ಗಟ್ಟಿಯಾಗಿತ್ತು. "ನೂರ ಮಂದಿ ನೋಡಾಕತ್ತಿದ್ರು. ನನ್ನ ಕೈ ಮುಟ್ಟದ ಹೋಗಿ ಊಟಕ್ಕ ಕುಂತ್ರು. ಅವತ್ತಿಂದ ನಾ ಈ ಮನಿ ಮೆಟ್ಟಲ ಏರಿದ್ದಿಲ್ಲ. ಇವತ್ತ ಏರೇನಿ."

ಮುದುಕ ಉದ್ದಪ್ಪ ಕೆಮ್ಮಿದ. ಗೌಸನಿಗೆ ಮೂವತ್ತು ವರ್ಷದಿಂದ ಕಟ್ಟಿಗೆ ಕೊಯ್ದು ಕೊಡುತ್ತಿದ್ದ ಮರದ ಅಡ್ಡೆಯ ಮಾಲೀಕ ಅವನು. "ನನಗ ತಿಳೀಲಾರದ್ದು ಒಂದೈತಿ. ಆ ಹುಕ್ಕೇರಿ ಮನಿ ನೆಲ ಹೋದ ವರ್ಷ ಮಳಿಗಾಲದ ಮುಂಚೇನ ಮುಗದಿತ್ತು. ಆ ಮ್ಯಾಲ ಎಷ್ಟೋ ಸಲ ಸಾಗವಾನಿ ಹಲಗಿ ಒಯ್ದ. ನಾಕ, ಐದ, ಹಿಂಗ ಸಣ್ಣ ಸಣ್ಣ ಕಂತಿನಾಗ. ಎಲ್ಲಿಗೆ ಅಂದ್ರ ಹೇಳೂದಿಲ್ಲ. ಅದೂ ಕಟಗಿ ಆರಿಸೂ ಮುಂದ ಮೂಗಿಗಿ ಹಿಡದು ಮೂಸಿ ನೋಡಾಂವ. ಮೊದಲ ಹತ್ತ ಮಾರ ದೂರದಿಂದ ಹೇಳತಿದ್ದ, ಅದು ಎಲ್ಲೀ ಮರ ಅಂತ."

ಒಳಗೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯ ಅಕ್ಕವ್ವ ಎದ್ದು ಕಿಟಕಿ ಮುಚ್ಚಲು ಹೋದಳು.

"ಇರಲಿ ಬಿಡ ಅಕ್ಕವ್ವ," ಎಂದಳು ಮದಿನಾಬಿ. "ತಗದ ಇರಲಿ. ಎಲ್ಲಾನೂ ಕೇಳತೇನಿ."

*

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳು ಒಂದು ಸೋಮವಾರ ಅವನ ಬೆನ್ನು ಹತ್ತಿದ್ದಳು.

ಆಗಲೇ ಆರು ತಿಂಗಳಿಂದ ಸೋಮವಾರ ಬಂತೆಂದರೆ ಅವನು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ವಾರ ಮೂಡಲಗಿ ಅನ್ನುವನು, ಒಂದು ವಾರ ಧುಪದಾಳ ಅನ್ನುವನು. ಸಂಜೆ ಬಂದಾಗ ಮೈಗೆ ಸಾಗವಾನಿಯ ವಾಸನೆ. ಕೂಲಿ ತಂದಿರಾ ಎಂದರೆ ಮಾತು ಮರೆಸುವನು. ಮಗಳು ಕೊಡಿಸಿದ ಟಚ್ ಫೋನು ಮೂಲೆಗೆ ಬಿತ್ತು, ಹಳೇ ಗುಂಡಿ ಫೋನು ಜೇಬಿಗೆ ಬಂತು. ಟಚ್ ಫೋನಾದರೆ ಮಗಳು ಬಂದಾಗ ತೆರೆದು ನೋಡುತ್ತಾಳೆ, ಅದಕ್ಕೇ ಈ ಉಪಾಯ ಎಂದು ಮದಿನಾಬಿ ಲೆಕ್ಕ ಹಾಕಿದ್ದಳು.

ಅಂದು ಬುರ್ಖಾ ಹಾಕಿಕೊಂಡು, ಮುಖ ಮಾತ್ರ ತೆರೆದು, ಗೋಕಾಕ ಬಸ್‌ಸ್ಟ್ಯಾಂಡಿನ ಕಂಬದ ಬಳಿ ನಿಂತಳು. ಅವನು ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಒಬ್ಬ ಹುಡುಗಿಯನ್ನು ನಿಲ್ಲಿಸಿ ಏನೋ ಕೇಳಿದ. ಅವಳು ಒಂದು ಬಸ್ಸಿನ ಕಡೆ ಕೈ ತೋರಿಸಿದಳು. ಹಣೆಯ ಮೇಲೆ ದೊಡ್ಡದಾಗಿ ಊರ ಹೆಸರು ಬರೆದ ಬಸ್ಸನ್ನು ಯಾಕೆ ಕೇಳಬೇಕು? ಹೆಣ್ಣುಮಕ್ಕಳನ್ನು ಮಾತಾಡಿಸುವ ನೆಪ ಎಂದುಕೊಂಡಳು ಮದಿನಾಬಿ. ಅವನು ಬಸ್ಸಿನತ್ತ ನಡೆದ. ಅವಳು ಕಂಬ ಬಿಟ್ಟು ಅವನ ದಾರಿಯ ಪಕ್ಕದಲ್ಲೇ ಬಂದು ನಿಂತಳು. ನೋಡಲಿ, ಸಿಕ್ಕಿಬೀಳಲಿ ಎಂದು. ಎರಡು ಮೊಳದ ಅಂತರ. ಅವನು ತಲೆ ಕೂಡ ತಿರುಗಿಸದೆ ಅವಳ ಮುಂದಿನಿಂದಲೇ ಹಾದುಹೋಗಿ ಹುಕ್ಕೇರಿಯ ಬಸ್ಸು ಹತ್ತಿದ.

ಕಂಡೂ ಕಾಣದವರ ಹಾಗೆ ಹೋದನಲ್ಲ ಎಂದು ಅವಳು ಬಸ್ಸು ಮರೆಯಾಗುವವರೆಗೂ ನೋಡಿ ಮನೆಗೆ ತಿರುಗಿದಳು.

ಅಂದಿನಿಂದ ಅವನಿಗೆ ಊಟ ಬಡಿಸಿದಳು, ಬಟ್ಟೆ ಒಗೆದಳು. ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಅವನೂ ಕೇಳಲಿಲ್ಲ.

*

ಹನ್ನೆರಡೂವರೆಗೆ ಬಿಳಿ ಕಾರು ಬಂತು. ಕೋಲಿನ ಸದ್ದು ಪಡಸಾಲೆಗೆ ಬಂದು, ಶವದ ಬಳಿ ಸ್ವಲ್ಪ ಹೊತ್ತು ನಿಂತು, ಮತ್ತೆ ಒಳಕೋಣೆಯತ್ತ ಬಂತು.

ಜಿನ್ನವ್ವ ಹೊಸ್ತಿಲಲ್ಲಿ ನಿಂತಳು. ಹೆಂಗಸರು ಜಾಗ ಬಿಡಲಿಲ್ಲ. ಅಕ್ಕವ್ವನೇ ಎದ್ದು ಗೋಡೆಗೆ ಒರಗಿದಳು. ನೆಲಕ್ಕೆ ಕೂರಲಾಗದ ಸೊಂಟ, ಆದರೂ ಜಿನ್ನವ್ವ ಕೋಲು ಊರಿ, ನರಳಿ, ಕಲ್ಲಿನ ಮೇಲೆ ಕಾಲು ಚಾಚಿ ಕೂತಳು.

"ಅಕ್ಕಾರ, ನಿಮಗ ಏನ ಹೇಳಬೇಕೋ ತಿಳಿಯವಲ್ದು," ಎಂದಳು.

"ಸೋಮವಾರಕ್ಕೊಮ್ಮೆ ನಿಮ್ಮ ಮನ್ಯಾಗ ಏನ ಕೆಲಸಿತ್ತು ಅವರಿಗೆ?" ಎಂದಳು ಮದಿನಾಬಿ. "ಅದನ್ನ ಹೇಳ್ರಿ. ಎಲ್ಲಾರ ಮುಂದ ಹೇಳ್ರಿ."

ಸಾಹಿರಾ ತಾಯಿಯ ಮೊಣಕೈ ಹಿಡಿದಳು. ಮದಿನಾಬಿ ಕೊಡವಿಕೊಂಡಳು.

ಜಿನ್ನವ್ವ ಒಬ್ಬೊಬ್ಬರನ್ನೂ ನೋಡಿದಳು. ಆ ಕಣ್ಣುಗಳಲ್ಲಿ ಇದ್ದದ್ದು ಏನೆಂದು ಅವಳಿಗೆ ಆಗ ಅರ್ಥವಾಗಿರಬೇಕು.

"ನಿಮಗ ಗೊತ್ತೇ ಇಲ್ಲೇನ್ರಿ?" ಎಂದಳು ಮೆಲ್ಲಗೆ. "ಅವರಿಗೆ ಕಣ್ಣ ಕಾಣತಿರಲಿಲ್ಲ."

ಜಿನ್ನವ್ವ ಕೋಲನ್ನು ನೆಲಕ್ಕೆ ಇಟ್ಟಳು.

"ಪೂರ್ತಿ ಹೋಗಿರಲಿಲ್ಲ. ನೆಟ್ಟಗ ಮುಂದಿಂದು ಒಂದೀಟ ಕಾಣತಿತ್ತು, ಕೊಳವಿ ಒಳಗಿಂದ ನೋಡಿದಂಗ. ಬಾಜೂಕಿಂದು ಇಲ್ಲ, ಕಾಲ ಬುಡಕಿಂದು ಇಲ್ಲ. ಹೋದ ಮಳಿಗಾಲದಾಗ ನಮ್ಮ ಖೋಲಿ ನೆಲ ಅಲ್ಲಲ್ಲಿ ಉಬ್ಬಿ ಎದ್ದಿತು. ನನ್ನ ಮಗಾ ಸಿಟ್ಟಿಗೆದ್ದ, ಮಿಸ್ತ್ರಿ ಮೋಸ ಮಾಡ್ಯಾನ, ಸಾಗವಾನಿ ಒಳಗ ಮತ್ತಿ ಕೂಡಿಸ್ಯಾನ ಅಂದ. ನನಗೂ ಸಂಶೆ ಬಂತು, ಸುಳ್ಳ ಯಾಕ ಹೇಳಲಿ? ಕರಿಸಿದೆ. ಬಂದ್ರು. ನೆಲದ ಮ್ಯಾಲ ಬಗ್ಗಿ ಕುಂತು ಒಂದೊಂದ ಹಲಗಿ ಸವರಿದ್ರು. ಆರ ಹಲಗಿ, ಬಾಜೂಕ ಬಾಜೂ, ಮೂರ ಕಪ್ಪ, ಮೂರ ಹಳದಿ, ಸಣ್ಣ ಹುಡುಗೂರಿಗೂ ತಿಳಿಯೂ ಹಂಗ ಬ್ಯಾರೆ ಬ್ಯಾರೆ. 'ಬಾಯಾರ, ಇದು ಯಾವ ಬಣ್ಣ ಐತಿ?' ಅಂತ ನನ್ನ ಕೇಳಿದ್ರು. ಆವಾಗ ನನಗ ತಿಳೀತು. ಅಕ್ಕಾರ, ಆ ಗಂಡಮನಶ್ಯಾ ನೆಲಕ್ಕ ಹಣಿ ಹಚ್ಚಿ ಅತ್ತರು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಜಿನದತ್ತ ಬೆಳಗಾವಿಗಿ ಕಣ್ಣಿನ ಡಾಕ್ಟರ ಹಂತೇಕ ಕರಕೊಂಡ ಹೋದ. ನರ ಒಣಗ್ಯಾವ, ಹೋದದ್ದು ತಿರುಗಿ ಬರೂದಿಲ್ಲ ಅಂದ್ರಂತ. ನೆಲ ಹಂಗ ಇರಲಿ ಬಿಡ್ರಿ ಅಂದೆ. ಕೇಳಲಿಲ್ಲ. ಅಂಗಡಿ ಸೂಟಿ ಅಂತ ಸೋಮವಾರ ಮನ್ಯಾಗ ಎಲ್ಲಾರೂ ಇರತೀವಿ, ಅವತ್ತ ಬರೂದು, ನಾಕ ಹಲಗಿ ಕೀಳೂದು, ನಾಕ ಕೂಡಸೂದು. ನಾ ಕುರ್ಚಿ ಮ್ಯಾಲ ಕುಂತು ಕಪ್ಪ, ಹಳದಿ ಅಂತ ಹೇಳೂದು. ಇನ್ನ ಎರಡ ಸಾಲ ಉಳದಿತ್ತು."

"ನಿಮಗ ಹೇಳಿದ್ರು," ಎಂದಳು ಮದಿನಾಬಿ. "ನನಗ ಹೇಳಲಿಲ್ಲ."

"ನನಗೂ ಹೇಳಲಿಲ್ರಿ. ನಾ ಹಿಡದೆ. ಮನ್ಯಾಗ ಹೇಳ್ರಿ ಅಂತ ಎಷ್ಟ ಸಲ ಅಂದೆ! 'ಮದಿನಾಗ ಗೊತ್ತಾದ್ರ ನನ್ನ ಕೈಯಾಗಿನ ಉಳಿ ಕಸಗೊಂಡ ಪೆಟ್ಟಿಗ್ಯಾಗ ಇಡತಾಳ. ಹೊರಗ ಗೊತ್ತಾದ್ರ ಕುರುಡ ಬಡಿಗ್ಯಾಗ ಬಾಗಲದ ಕೆಲಸ ಯಾರ ಕೊಡತಾರ? ಇದೊಂದ ನೆಲ ನೆಟ್ಟಗ ಮಾಡಿ ನಾನೇ ಹೇಳತೇನಿ' ಅಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡ್ರು. ನಿನ್ನೆ ಬಸ್ ಇಳದ ಮ್ಯಾಲ ಮಗಾ ಹೋಗಿ ಕರಕೊಂಡ ಬರಬೇಕಾಗಿತ್ತು. ಪ್ರತಿ ಸಲ ಹೋಗತಿದ್ದ. ನಿನ್ನೆ ಹತ್ತ ಮಿನಿಟ ತಡಾ ಆತು. ಹೋಗಿ ನೋಡಿದ್ರ ಮಂದಿ ಕೂಡಿದ್ರಂತ, ಯಾರೋ ಕುಡದು ಬಿದ್ದಾನ ಅಂದ್ರಂತ. ಅವರು ಬಂದಿಲ್ಲ ಅಂತ ತಿಳದು ತಿರುಗಿ ಬಂದ. ಹತ್ತ ಮಿನಿಟ, ಅಕ್ಕಾರ."

ಮದಿನಾಬಿ ಕೂತಲ್ಲೇ ಕೂತಿದ್ದಳು. ಬಸ್‌ಸ್ಟ್ಯಾಂಡು, ಎರಡು ಮೊಳದ ಅಂತರ. ಅವಳು ಅಂದು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳ ದನಿ ಅವನಿಗೆ ಗೊತ್ತಿರಲಿಲ್ಲವೇ?

ಹೊರಗೆ ಗಲಿಬಿಲಿ ಎದ್ದಿತು. ಹೊರಡುವ ಹೊತ್ತಾಗಿತ್ತು. ಫಯಾಜ ಎಲ್ಲರ ಮುಂದೆ ನಿಂತು, ಹೇಳಬೇಕಾದ್ದನ್ನು ಹೇಳಿದ: "ಇವರಿಂದ ಯಾರಿಗರ ನೋವಾಗಿದ್ರ, ಅಲ್ಲಾನ ವಾಸ್ತೆ ಮಾಫ ಮಾಡ್ರಿ."

ಒಂದೆರಡು ದನಿ ಮಾತ್ರ "ಮಾಫ, ಮಾಫ" ಎಂದವು. ಫಯಾಜನೂ ತನ್ನ ಪಾಲಿನದನ್ನು ಹೇಳಲಿಲ್ಲ.

ಮದಿನಾಬಿ ಎದ್ದಳು. ಗಂಡನ ಮಣ್ಣಿನ ದಿನ ಹೆಂಗಸು ಗಂಡಸರ ಮುಂದೆ ಬಾಯಿ ತೆರೆಯುವ ರೂಢಿ ಆ ಓಣಿಯಲ್ಲಿ ಇರಲಿಲ್ಲ. ಸಾಹಿರಾ "ಅಮ್ಮಾ" ಎನ್ನುವಷ್ಟರಲ್ಲಿ ಅವಳು ಪಡಸಾಲೆಯ ಪರದೆಯ ಹತ್ತಿರ ಹೋಗಿ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ನಿಂತಿದ್ದಳು.

"ಫಯಾಜ," ಎಂದು ಕೂಗಿದಳು. "ನಿನ್ನ ಕೈ ಅವರಿಗೆ ಕಾಣಲಿಲ್ಲ. ಮದವ್ಯಾಗ ನೀ ಚಾಚಿದ ಕೈ ಕಾಣಲಿಲ್ಲ. ಸಲಾಂ ಮಾಡಿದವ್ರ ಮಾರಿ ಕಾಣಲಿಲ್ಲ. ಉದ್ದಪ್ಪ ಕಾಕಾ, ಕಟಗಿ ಬಣ್ಣ ಕಾಣಲಿಲ್ಲ, ಅದಕ್ಕ ಮೂಸಿ ನೋಡತಿದ್ರು. ಆ ಕೆಂಪ ಬಟ್ಟಿನೂ ಕಾಣಲಿಲ್ಲ. ಅವರು ಕುಡದಿರಲಿಲ್ಲ. ಕಣ್ಣ ಹೋಗಿದ್ದವು. ಹೆಂಡತಿಗೂ ತಿಳಿಯದಂಗ ಇಟ್ಟಕೊಂಡಿದ್ರು. ನನಗೂ ತಿಳೀಲಿಲ್ಲ, ನಾ ಅವರ ಮ್ಯಾಲ ಸಂಶೆ ಪಟ್ಟೆ. ಮೊದಲ ನನ್ನ ಅವರು ಮಾಫ ಮಾಡಬೇಕು. ಈಗ ಹೇಳ್ರಿ, ಮಾಫ ಮಾಡತೀರೋ ಇಲ್ಲೋ?"

ರಮಜಾನದ ಸಲಾಮಿನ ಮನುಷ್ಯ ಟೋಪಿ ಸರಿಮಾಡಿಕೊಂಡು ಮುಂದೆ ಬಂದ. ಫಯಾಜ ಬಾಯಿಗೆ ಟವೆಲ್ಲು ಒತ್ತಿಕೊಂಡು, ಜನಾಜಾ ಹೊರುವ ಮಂಚದ ಮುಂಗಾಲಿಗೆ ಹೆಗಲು ಕೊಟ್ಟ. ಉದ್ದಪ್ಪನಿಗೆ ಎಂಬತ್ತು ವರ್ಷ. ಅವನೂ ಓಣಿಯ ತಿರುವಿನವರೆಗೆ ಹೊತ್ತ.

*

ಮಣ್ಣು ಮುಗಿಸಿ ಬಂದವರು ಕೈಕಾಲು ತೊಳೆದು, ಸಂಜೆಯ ಹೊತ್ತಿಗೆ ಹೋದರು. ಜಿನ್ನವ್ವ ಅದಕ್ಕೂ ಮುಂಚೆ ಹೊರಟಿದ್ದಳು. ಹೊರಡುವಾಗ ಮದಿನಾಬಿಯ ಕೈ ಹಿಡಿದು, "ಆ ಎರಡ ಸಾಲ ಹಂಗ ಇರಲಿ, ಬ್ಯಾರೆಯವರ ಕಡಿಂದ ಮುಟ್ಟಸೂದಿಲ್ಲ," ಎಂದಿದ್ದಳು. ಮದಿನಾಬಿ ಕೈ ಬಿಡಿಸಿಕೊಂಡಿರಲಿಲ್ಲ.

ಅಕ್ಕವ್ವ ತಂದ ಅನ್ನ ಮುಟ್ಟದೆ, ಸಂಜೆಯ ಮಗ್ರಿಬಿನ ನಮಾಜಿಗೆ ಕೈಕಾಲು ತೊಳೆಯಲೆಂದು ಅವಳು ಬಚ್ಚಲಿನತ್ತ ನಡೆದಳು. ಬೆಳಗಿನಿಂದ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ತಲೆ ಸುತ್ತಿ ಬಂದಂತಾಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೆರಳಿಗೆ ಏನೋ ತಗ್ಗು ಸಿಕ್ಕಿತು. ಚೌಕಟ್ಟಿನ ಒಳಮೈಯಲ್ಲಿ, ಕಣ್ಣಿಗೆ ಬೀಳದ ಕಡೆ, ಉಳಿಯಿಂದ ಕೆತ್ತಿದ ಎರಡು ಸಣ್ಣ ಗೆರೆ. ಅಂಚು ಚುಚ್ಚದ ಹಾಗೆ ತಿಕ್ಕಿ ನುಣುಪು ಮಾಡಿತ್ತು.

ಅವಳು ತಿರುಗಿ ಅಡುಗೆಮನೆಯ ಬಾಗಿಲಿಗೆ ಬಂದಳು. ಅಲ್ಲಿ ಒಂದು ಗೆರೆ, ಯಾವ ಬಾಗಿಲೆಂದು ಬೆರಳಿಗೆ ತಿಳಿಯುವ ಹಾಗೆ. ಹಿತ್ತಲ ಬಾಗಿಲಿನಲ್ಲಿ ಮೂರು, ಅದರ ಕೆಳಗೆ ಮೆಟ್ಟಿಲಿದೆಯೆಂದು ಹೇಳಲೋ ಏನೋ ಒಂದು ಅಡ್ಡಗೆರೆ.

ತಾವಿಬ್ಬರೂ ಮಲಗುತ್ತಿದ್ದ ಕೋಣೆಯ ಚೌಕಟ್ಟನ್ನು ಅವಳು ಕೆಳಗಿನಿಂದ ಮೇಲಕ್ಕೆ ಸವರಿದಳು. ಏನೂ ಸಿಗಲಿಲ್ಲ. ಅವನು ಅವಳಿಗಿಂತ ಎತ್ತರದ ಮನುಷ್ಯ. ಗೋಡೆಗೆ ಒಂದು ಕೈ ಊರಿ, ತುದಿಗಾಲಲ್ಲಿ ನಿಂತು, ಇನ್ನೂ ಮೇಲೆ ಕೈ ಚಾಚಿದಳು. ಅಲ್ಲಿ ಗೆರೆ ಇರಲಿಲ್ಲ. ಹೆಬ್ಬೆರಳು ಕೂರುವಷ್ಟು ಅಗಲದ ಒಂದು ದುಂಡನೆಯ ಗುಳಿ ಇತ್ತು, ಒಳಗೆ ಎಣ್ಣೆ ಸವರಿದ ಹಾಗೆ ನುಣ್ಣಗೆ. ಅವಳು ಅದರೊಳಗೆ ತನ್ನ ಹೆಬ್ಬೆರಳು ಇಟ್ಟಳು. ಕಾಲು ಸೋಲುವವರೆಗೂ ತೆಗೆಯಲಿಲ್ಲ.